ಬಿಯರ್‌ನ ಮೈಕಟ್ಟು ತೀರ್ಮಾನವಾಗುವುದು ಮ್ಯಾಶ್‌ನಲ್ಲಿ: ನನ್ನ ಅನುಭವ

ಬಿಯರ್‌ನ ಗುಣವೆಲ್ಲ ಹಾಪ್ಸ್ (ಕಹಿ, ಪರಿಮಳ ಕೊಡುವ ಹೂವು) ಮತ್ತು ಯೀಸ್ಟ್‌ನಿಂದ ಬರುತ್ತದೆ ಎನ್ನುವವರೇ ಹೆಚ್ಚು. ನಾನು ಹೆಚ್ಚು ನಿಗಾ ಇಡುವುದು ಅದಕ್ಕೂ ಮೊದಲಿನ ಒಂದು ಗಂಟೆಯ ಮೇಲೆ. ಒಡೆದ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಬಿಸಿನೀರಿನಲ್ಲಿ ನೆನೆಯುವ ಈ ಹಂತವೇ ಮ್ಯಾಶ್. ಬಿಯರ್ ತೆಳ್ಳಗಿರಬೇಕೋ ಮೈತುಂಬಿರಬೇಕೋ ಎಂಬುದು ಬಹುಪಾಲು ಇಲ್ಲೇ ನಿರ್ಧಾರವಾಗುತ್ತದೆ.

5 ಕೆಜಿ ಮಾಲ್ಟ್‌ಗೆ 15 ಲೀಟರ್ ನೀರು. ಕಾಳು ಚೂರಾಗಬೇಕು, ಸಿಪ್ಪೆ ಆದಷ್ಟು ಇಡಿಯಾಗಿ ಉಳಿಯಬೇಕು. ಆಮೇಲೆ ರಸ ಸೋಸಿಕೊಡುವುದು ಆ ಸಿಪ್ಪೆಯೇ. ಹಿಟ್ಟಾಗಿಬಿಟ್ಟರೆ ಅಡಿಯ ಜಾಲರಿ ಕಟ್ಟಿಕೊಳ್ಳುತ್ತದೆ. ಮಾಲ್ಟ್ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ನೀರನ್ನು 72ಕ್ಕೆ ಕಾಯಿಸುತ್ತೇನೆ. ಎರಡೂ ಬೆರೆತಾಗ 66ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

66 ಏಕೆಂದರೆ, ಪಿಷ್ಟವನ್ನು ಒಡೆಯುವ ಕಿಣ್ವಗಳು ಮುಖ್ಯವಾಗಿ ಎರಡು. ಬೀಟಾ ಅಮೈಲೇಸ್ 60ರಿಂದ 65ರಲ್ಲಿ ಚುರುಕು. ಪಿಷ್ಟದ ಸರಪಳಿಯ ತುದಿಯಿಂದ ಮಾಲ್ಟೋಸ್ ಎಂಬ ಸಕ್ಕರೆಯನ್ನು ಕತ್ತರಿಸುತ್ತದೆ, ಯೀಸ್ಟ್ ಅದನ್ನು ತಿಂದು ಮುಗಿಸುತ್ತದೆ. ಆಲ್ಫಾ ಅಮೈಲೇಸ್ 68ರಿಂದ 72ರಲ್ಲಿ ಚುರುಕು. ಸರಪಳಿಯನ್ನು ನಡುವೆ ಎಲ್ಲೆಂದರಲ್ಲಿ ತುಂಡರಿಸುತ್ತದೆ, ಯೀಸ್ಟ್‌ಗೆ ದಕ್ಕದ ಡೆಕ್ಸ್‌ಟ್ರಿನ್ ಉಳಿಯುತ್ತದೆ. 64ರಲ್ಲಿ ಹಿಡಿದರೆ ಸಿಹಿ ಉಳಿಯದ ಒಣ ಬಿಯರ್, 69ರಲ್ಲಿ ಹಿಡಿದರೆ ದಪ್ಪ ಬಿಯರ್; 66 ಇವೆರಡರ ನಡುವೆ. ಬಿಸಿ ಮೀರಿ ಬೀಟಾ ಒಮ್ಮೆ ಸತ್ತರೆ ತಣಿಸಿದರೂ ಮರಳುವುದಿಲ್ಲ. ಅದಕ್ಕೇ ಬೆರೆಸುವಾಗ ತಣ್ಣೀರು ಕೈಗೆಟುಕುವಂತಿರಲಿ.

ಮ್ಯಾಶ್‌ನ ಪಿಎಚ್ (ಹುಳಿಯ ಅಳತೆ) 5.2ರಿಂದ 5.6ರೊಳಗೆ ಇರಬೇಕು; ಮಾದರಿಯನ್ನು ತಣಿಸಿಯೇ ಅಳೆಯಿರಿ. ಅಂದಹಾಗೆ, ಈ ಪಿಎಚ್ ಎಂಬ ಅಳತೆಯೂ ಬಿಯರ್ ಮನೆತನದ್ದೇ: 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ರಸಾಯನ ವಿಜ್ಞಾನಿ ಸೋರೆನ್‌ಸೆನ್ ಕಿಣ್ವಗಳ ಅಧ್ಯಯನಕ್ಕಾಗಿ ರೂಪಿಸಿದ್ದು.

ಗಂಟೆಯಾದ ಮೇಲೆ ಬಿಳಿ ತಟ್ಟೆಯಲ್ಲಿ ಒಂದು ಹನಿ ರಸಕ್ಕೆ ಒಂದು ಹನಿ ಅಯೋಡಿನ್ ಹಾಕುತ್ತೇನೆ. ಕಡುನೀಲಿಯಾದರೆ ಪಿಷ್ಟ ಇನ್ನೂ ಇದೆ, ಕಾಯಬೇಕು. ಅಯೋಡಿನ್ನಿನ ಕಂದು ಬಣ್ಣ ಹಾಗೇ ಉಳಿದರೆ ಮುಗಿಯಿತು. ಹನಿಯಲ್ಲಿ ಸಿಪ್ಪೆಯ ಚೂರು ಸೇರಿದ್ದರೆ ಪಿಷ್ಟ ಕರಗಿ ಮುಗಿದಿದ್ದರೂ ನೀಲಿ ತೋರಿಸುತ್ತದೆ, ಜೋಕೆ. ತಟ್ಟೆಯಲ್ಲಿದ್ದುದನ್ನು ಚೆಲ್ಲಿ, ಪಾತ್ರೆಗೆ ಸುರಿಯಬೇಡಿ.

ರಸ ಸೋಸಿದ ಮೇಲೆ ಉಳಿದ ಸಿಹಿಗಾಗಿ ಕಾಳು ತೊಳೆಯುವ ನೀರು 78 ಡಿಗ್ರಿ ದಾಟದಿರಲಿ. ದಾಟಿದರೆ ಸಿಪ್ಪೆಯ ಒಗರು ಇಳಿಯುತ್ತದೆ. ಸೋಸಿದ ರಸವನ್ನು ಮುಚ್ಚಳ ತೆರೆದು 60 ನಿಮಿಷ ಕುದಿಸಿ. ಕಹಿಗೆ ಬೇಕಾದ ಹಾಪ್ಸ್ ಆರಂಭದಲ್ಲಿ, ಪರಿಮಳದ್ದು ಕೊನೆಯಲ್ಲಿ. ಮುಚ್ಚಿದರೆ ಬೆಂದ ಜೋಳದ ವಾಸನೆ ಕೊಡುವ ಡೈಮೀಥೈಲ್ ಸಲ್ಫೈಡ್ ಆವಿಯಾಗದೆ ಉಳಿದೀತು. ಬೇಗ ತಣಿಸಿ, 20 ಲೀಟರಿಗೆ 11 ಗ್ರಾಂ ಒಣ ಏಲ್ ಯೀಸ್ಟ್ ಹಾಕಿ 18ರಿಂದ 20 ಡಿಗ್ರಿಯಲ್ಲಿಡುತ್ತೇನೆ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.050ರಿಂದ 1.012ಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು ಶೇ. 5.

1.020ರಲ್ಲೇ ನಿಂತರೆ ತಪ್ಪು ಯೀಸ್ಟಿನದೋ ಮ್ಯಾಶ್‌ನದೋ ಎಂದು ಮೊದಲು ತಿಳಿಯಬೇಕು. ಒಂದು ಲೋಟ ಬಿಯರ್ ತೆಗೆದು, ಹೊಸ ಯೀಸ್ಟನ್ನು ಧಾರಾಳವಾಗಿ ಹಾಕಿ, 25 ಡಿಗ್ರಿಯಲ್ಲಿ ಎರಡು ಮೂರು ದಿನ ಇಡಿ. ಅಂಕಿ ಇಳಿದರೆ ಯೀಸ್ಟ್ ಸೋತಿತ್ತು; ದೊಡ್ಡ ಪಾತ್ರೆಗೂ ಹೊಸದು ಹಾಕಬಹುದು. ಇಳಿಯದಿದ್ದರೆ ಮ್ಯಾಶ್ ಬಿಸಿಯಾಗಿತ್ತು. ನಿಮ್ಮ ಥರ್ಮಾಮೀಟರನ್ನು ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟು ಸೊನ್ನೆ ತೋರಿಸುತ್ತದೆಯೇ ನೋಡಿ, ಇನ್ನೊಂದು ಥರ್ಮಾಮೀಟರಿನ ಜೊತೆ 66ರಲ್ಲೂ ತಾಳೆ ಹಾಕಿ.