ಬ್ಯಾಟರಿ ಬದಲಿಸುವ ಮುನ್ನ ಮೀಟರ್ ಹಿಡಿಯಿರಿ: ಹಾಯಿದೋಣಿಯ ಡೀಸೆಲ್ ಎಂಜಿನ್

ಎಂಜಿನ್ ಸ್ಟಾರ್ಟ್ ಆಗದಿದ್ದರೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ನನ್ನ ದೋಣಿಯಲ್ಲಿರುವುದು ಎರಡು ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನ್, 12 ವೋಲ್ಟ್ ವೈರಿಂಗ್. ಕೀಲಿ ತಿರುಗಿಸಿದರೆ ಕೆಲವೊಮ್ಮೆ ಬರೀ ಟಕ್ ಅನ್ನುತ್ತಿತ್ತು, ಕೆಲವೊಮ್ಮೆ ಸೆಲ್ಫ್ ಮೋಟಾರು ತಿಣುಕುತ್ತಾ ತಿರುಗುತ್ತಿತ್ತು. ಡೀಸೆಲ್ ಹೊತ್ತಿಕೊಳ್ಳುವುದು ಗಾಳಿ ಒತ್ತಿದಾಗ ಹುಟ್ಟುವ ಬಿಸಿಯಿಂದ. ತಿರುಗುವಿಕೆ ನಿಧಾನವಾದರೆ ಆ ಬಿಸಿ ಸಿಲಿಂಡರಿನ ಗೋಡೆಗೆ ಹೋಗಿಬಿಡುತ್ತದೆ. ಉಳಿದದ್ದೆಲ್ಲ ಸರಿಯಿದ್ದರೂ ಎಂಜಿನ್ ಹಿಡಿಯುವುದಿಲ್ಲ.

ಚಾರ್ಜಿಂಗ್ ನಿಲ್ಲಿಸಿ, ಲೋಡ್ ಎಲ್ಲ ತೆಗೆದು, ಕೆಲವು ಗಂಟೆ ಬಿಟ್ಟು ಅಳೆದರೆ ಲೆಡ್ ಆಸಿಡ್ ಬ್ಯಾಟರಿ 12.6ರಿಂದ 12.7 ವೋಲ್ಟ್ ತೋರಿಸಬೇಕು. 12.2 ಅಂದರೆ ಸುಮಾರು ಅರ್ಧ ಖಾಲಿ. ಆದರೆ ಇದು ಚಾರ್ಜಿನ ಲೆಕ್ಕ, ಬಲದ ಲೆಕ್ಕವಲ್ಲ. ಪ್ಲೇಟು ಹಾಳಾದ ಬ್ಯಾಟರಿಯೂ 12.6 ತೋರಿಸಬಲ್ಲದು. ಹಾಗಾಗಿ ಎಂಜಿನ್ ನಿಲ್ಲಿಸುವ ಕೇಬಲ್ ಎಳೆದಿಟ್ಟು, ಎಂಜಿನ್ ಹಿಡಿಯದಂತೆ ಮಾಡಿ, ಐದು ಸೆಕೆಂಡು ಸೆಲ್ಫ್ ಹೊಡೆಯುತ್ತಲೇ ಅಳೆಯಬೇಕು. ಬ್ಯಾಟರಿಯ ಕಂಬದಲ್ಲೇ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. ನನಗೆ ಸಿಕ್ಕಿದ್ದು 11.4. ಅದೇ ಹೊತ್ತಿಗೆ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೂ ಅದರ ಮೈಗೂ ನಡುವೆ ಇದ್ದದ್ದು 9.3. ಅಂದರೆ 2.1 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು.

ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ (ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ), ಇನ್ನೊಂದನ್ನು ಸೆಲ್ಫ್ ಬೋಲ್ಟಿಗೆ ಇಟ್ಟು ಸೆಲ್ಫ್ ಹೊಡೆದೆ: 0.6. ಅರ್ಧ ವೋಲ್ಟಿನೊಳಗೆ ಇದ್ದರೆ ಒಳ್ಳೆಯದು. ಮೇನ್ ಸ್ವಿಚ್ಚಿನ ನಟ್ಟು ಬಿಚ್ಚಿ ಉಜ್ಜಿದರೆ ಇದು ಇಳಿಯುತ್ತದೆ. ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿಗೆ ಅಳೆದಾಗ 1.5. ಇಲ್ಲಿ 0.3ಕ್ಕಿಂತ ಹೆಚ್ಚು ಇರಲೇಬಾರದು. ಸೆಲ್ಫ್ ಮೋಟಾರು 200 ಆಂಪಿಯರ್ ಎಳೆಯುವಾಗ ಓಮಿನ ನೂರನೇ ಒಂದು ಭಾಗದಷ್ಟು ತಡೆಯಿದ್ದರೂ 2 ವೋಲ್ಟ್ ಹೋಯಿತು ಅಂತಲೇ ಲೆಕ್ಕ.

ಮೈನಸ್ ಕಂಬದಿಂದ ಬ್ಲಾಕಿಗೆ ಹೋಗುವ ಅರ್ತ್ ಕೇಬಲ್ಲಿನ ಲಗ್ (ತುದಿಯ ಲೋಹದ ಬಳೆ) ಹೊರಗಿಂದ ಚೆನ್ನಾಗಿಯೇ ಕಾಣುತ್ತಿತ್ತು. ಮೇಲಿನ ಹೊದಿಕೆ ಸೀಳಿದಾಗ ಹಸಿರು ಪುಡಿ ಉದುರಿತು. ಪ್ಲಾಸ್ಟಿಕ್ಕಿನೊಳಗೆ ಬೆರಳುದ್ದಕ್ಕೂ ತಾಮ್ರದ ಎಳೆಗಳು ಕಪ್ಪಾಗಿದ್ದವು. ಅದು ತವರ ಬಳಿಯದ ತಾಮ್ರ, ಉಪ್ಪುಗಾಳಿಗೆ ಬಾಳುವುದಿಲ್ಲ. ತವರ ಬಳಿದ 50 ಚದರ ಮಿಲಿಮೀಟರ್ ಕೇಬಲ್ ಹಾಕಿ, ಹೈಡ್ರಾಲಿಕ್ ಕ್ರಿಂಪರಿನಿಂದ ಲಗ್ ಒತ್ತಿ, ಒಳಮೈಗೆ ಗೋಂದು ಬಳಿದ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹೊದಿಸಿದೆ. ಬರೀ ಬೆಸುಗೆಯನ್ನು ನಾನು ನಂಬುವುದಿಲ್ಲ, ಎಂಜಿನ್ನಿನ ನಡುಕಕ್ಕೆ ಎಳೆಗಳು ಬೆಸುಗೆಯ ಅಂಚಿನಲ್ಲಿ ಮುರಿಯುತ್ತವೆ. ಬ್ಲಾಕಿನ ಮೇಲೆ ಲಗ್ ಕೂರುವ ಜಾಗದ ಬಣ್ಣವನ್ನು ಲೋಹ ಕಾಣುವವರೆಗೆ ಉಜ್ಜಬೇಕು. ವಾಷರ್ ಲಗ್ಗಿನ ಮೇಲೆ ಬರಬೇಕೇ ಹೊರತು ಕೆಳಗಲ್ಲ. ಇಷ್ಟಾದ ಮೇಲೆ 1.5 ಇದ್ದದ್ದು 0.15ಕ್ಕೆ ಇಳಿಯಿತು.

ಟಕ್ ಸದ್ದು ಮಾತ್ರ ಹೋಗಲಿಲ್ಲ. ಸೆಲ್ಫ್ ಮೋಟಾರಿಗೆ ಕರೆಂಟು ಹಾಯಿಸುವ ಕಾಂತದ ಸ್ವಿಚ್ಚೇ ಸೊಲೆನಾಯ್ಡ್. ಅದರ ತೆಳು ವೈರು ಎಂಜಿನ್ನಿನಿಂದ ವೈರಿಂಗಿನ ಪ್ಲಗ್ ದಾಟಿ ಕೀಲಿಯವರೆಗೆ ಹೋಗಿ ಮತ್ತೆ ವಾಪಸು ಬರುತ್ತದೆ. ಅಷ್ಟು ಉದ್ದಕ್ಕೆ ಸೊಲೆನಾಯ್ಡ್ ಕೇಳುವ ಹತ್ತಾರು ಆಂಪಿಯರ್ ಹರಿಯುವುದಿಲ್ಲ. ಸೆಲ್ಫ್ ಮೋಟಾರಿನ ಪಕ್ಕದಲ್ಲೇ 40 ಆಂಪಿಯರಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸುವ ಸ್ವಿಚ್ಚು) ಕೂರಿಸಿ, ದಪ್ಪ ಬೋಲ್ಟಿನಿಂದ ಫ್ಯೂಸ್ ಮೂಲಕ ಅದಕ್ಕೆ ಕರೆಂಟು ಕೊಟ್ಟೆ. ಕೀಲಿ ಈಗ ರಿಲೇಯನ್ನಷ್ಟೇ ಎಬ್ಬಿಸುತ್ತದೆ.

ಬ್ಯಾಟರಿ ಆಯ್ಕೆಗೆ ಕೂತದ್ದು ಇದೆಲ್ಲ ಆದ ಮೇಲೆ. ಎಂಜಿನ್ನಿಗೊಂದು, ದೋಣಿಯ ಬಳಕೆಗೊಂದು, ಬೇರೆ ಬೇರೆ ಇರಬೇಕು; ಇದರಲ್ಲಿ ರಾಜಿ ಇಲ್ಲ. ಎಂಜಿನ್ನಿನದಕ್ಕೆ ನೋಡಬೇಕಾದದ್ದು ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್, ಅಂದರೆ ಚಳಿಯಲ್ಲಿ ಸೆಲ್ಫ್ ಹೊಡೆಯಲು ಅದು ಕೊಡಬಲ್ಲ ಕರೆಂಟು. ಎಂಜಿನ್ ಕೈಪಿಡಿ ಹೇಳಿದ್ದಕ್ಕಿಂತ ತುಸು ಹೆಚ್ಚಿರುವ ಎಜಿಎಂ (ಆಸಿಡ್ಡನ್ನು ಗಾಜುನಾರಿನ ಹಾಳೆ ಹೀರಿಕೊಂಡಿರುವ ಲೆಡ್ ಆಸಿಡ್ ಬ್ಯಾಟರಿ) ಹಾಕಿದೆ. ಬಳಕೆಯದಕ್ಕೆ ದಿನದ ಖರ್ಚು ಬರೆದೆ: ಫ್ರಿಜ್ 45 ಆಂಪಿಯರ್ ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ್ದು), ಆಟೋಪೈಲಟ್ 25, ದೀಪ ಮತ್ತು ಉಪಕರಣ 15, ಫೋನು ಲ್ಯಾಪ್‌ಟಾಪ್ 10, ಒಟ್ಟು 95. ಲೆಡ್ ಆಸಿಡ್ಡನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಆಯಸ್ಸು ಬೇಗ ಮುಗಿಯುವುದರಿಂದ 200 ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ ಶೇಕಡ 80 ಬಳಸಬಹುದು, 120 ಸಾಕು. ತೂಕವೂ ಅರ್ಧಕ್ಕಿಂತ ಕಡಿಮೆ.

ಲಿಥಿಯಂ ತಂದು ಹಳೆಯ ಆಲ್ಟರ್ನೇಟರಿಗೆ (ಎಂಜಿನ್ ತಿರುಗಿಸುವ, ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ನೇರ ಜೋಡಿಸಿದವರ ಆಲ್ಟರ್ನೇಟರ್ ಸುಟ್ಟರೆ ಆಶ್ಚರ್ಯವಿಲ್ಲ. ಲಿಥಿಯಂ ಸಿಕ್ಕಷ್ಟು ಕರೆಂಟನ್ನೂ ಎಳೆಯುತ್ತದೆ, ಕಡಿಮೆ ವೇಗದಲ್ಲಿ ಆಲ್ಟರ್ನೇಟರಿನ ಫ್ಯಾನು ತಣಿಸಲಾರದು. ಮೇಲಾಗಿ ಬಿಎಂಎಸ್ (ಲಿಥಿಯಂ ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ಸ್) ದಿಢೀರನೆ ಸಂಪರ್ಕ ಕಡಿದರೆ ವೋಲ್ಟೇಜ್ ನೆಗೆದು ಡಯೋಡುಗಳು ಹೋಗುತ್ತವೆ. ನಾನು ಆಲ್ಟರ್ನೇಟರನ್ನು ಎಂಜಿನ್ನಿನ ಎಜಿಎಂಗೆ ಬಿಟ್ಟು, ಅಲ್ಲಿಂದ ಲಿಥಿಯಂಗೆ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿದೆ. ಲಿಥಿಯಂ ಕಂಬದ ಹತ್ತಿರವೇ ಕ್ಲಾಸ್ ಟಿ ಫ್ಯೂಸ್ (ಶಾರ್ಟ್ ಆದಾಗ ಹರಿಯುವ ಭಾರಿ ಕರೆಂಟನ್ನೂ ಕಡಿಯಬಲ್ಲದ್ದು) ಇದೆ.

ಸೆಲ್ಫ್ ಜೋರಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಹೊಗೆ ನೋಡಿ. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಹೊತ್ತುತ್ತಿಲ್ಲ. ಗ್ಲೋ ಪ್ಲಗ್ (ಸಿಲಿಂಡರಿನ ಒಳಗನ್ನು ಬಿಸಿ ಮಾಡುವ ಕಡ್ಡಿ), ಕಂಪ್ರೆಷನ್ (ಗಾಳಿ ಒತ್ತುವ ಬಲ) ಕಡೆ ಹೋಗಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಬಂದಿಲ್ಲ. ನಿಲ್ಲಿಸುವ ಕೇಬಲ್ ಎಳೆದೇ ಉಳಿದಿದೆಯೇ ನೋಡಿ, ಆಮೇಲೆ ಡೀಸೆಲ್ ಪೈಪಿನೊಳಗೆ ಸೇರಿದ ಏರ್ ತೆಗೆಯಿರಿ. ಎಂಜಿನ್ನಿನ ಡೀಸೆಲ್ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರೆ ಮೊದಲು ನೊರೆ ಬರುತ್ತದೆ, ಗುಳ್ಳೆ ನಿಂತು ಡೀಸೆಲ್ ನೀಟಾಗಿ ಹರಿದಾಗ ಬಿಗಿ ಮಾಡಿ. ಇಂಜೆಕ್ಷನ್ ಪಂಪಿನಲ್ಲೂ ಹೀಗೇ. ಕೊನೆಗೆ ನಾಝಲ್ ಪೈಪಿನ ನಟ್ಟು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ, ಡೀಸೆಲ್ ಚಿಮ್ಮಿದ ಕೂಡಲೇ ಬಿಗಿ ಮಾಡಿ. ಕೈಯನ್ನು ಆ ಚಿಮ್ಮುವಿಕೆಗೆ ಒಡ್ಡಬೇಡಿ, ಅದು ಚರ್ಮ ತೂರುತ್ತದೆ.

ಪದೇ ಪದೇ ಸೆಲ್ಫ್ ಹೊಡೆಯುವುದಾದರೆ, ಎಂಜಿನ್ ತಣಿಸಿ ಹೊಗೆಯ ಜೊತೆ ಹೊರಬೀಳುವ ಸಮುದ್ರದ ನೀರಿನ ವಾಲ್ವ್ ಮುಚ್ಚಿರಿ. ಎಂಜಿನ್ ಓಡದೆ ನೀರಿನ ಪಂಪು ಮಾತ್ರ ತಿರುಗಿದರೆ ಸೈಲೆನ್ಸರ್ ತುಂಬಿ, ನೀರು ಹಿಮ್ಮುಖವಾಗಿ ಸಿಲಿಂಡರಿಗೆ ನುಗ್ಗುತ್ತದೆ. ಎಂಜಿನ್ ಹಿಡಿದ ತಕ್ಷಣ ವಾಲ್ವ್ ತೆರೆದು, ಹಿಂದಿನ ಕೊಳವೆಯಿಂದ ನೀರು ಬೀಳುತ್ತಿದೆಯೇ ನೋಡಿ; ನೀರಿಲ್ಲದೆ ಒಣಗಿ ತಿರುಗುವ ರಬ್ಬರ್ ಇಂಪೆಲ್ಲರಿನ (ನೀರಿನ ಪಂಪಿನ ಚಕ್ರ) ರೆಕ್ಕೆಗಳು ಹೆಚ್ಚು ಹೊತ್ತು ತಡೆಯುವುದಿಲ್ಲ.