ಕಾಲೊರಸಿನ ಮೇಲೆ ಕೂತ ಕಿಡಿ

ಕಾಡಿನಂಚಿನಲ್ಲಿ ನಮ್ಮ ಮನೆ. ಮೊದಮೊದಲು ಕಾಡ್ಗಿಚ್ಚಿನ ಕಾಲ ಹತ್ತಿರ ಬಂತೆಂದರೆ ಕತ್ತಿ ಹಿಡಿದು ಬೇಲಿ ಕಡೆಗೇ ಹೋಗುತ್ತಿದ್ದೆ. ಬೆಂಕಿ ಅಲ್ಲಿಂದ ತಾನೇ ಬರೋದು, ಅಲ್ಲೇ ತಡೆಯೋಣ ಅಂತ. ಮನೆಯ ಬುಡದ ಕಡೆ ತಿರುಗಿಯೂ ನೋಡಿರಲಿಲ್ಲ.

ಒಂದು ವರ್ಷ ದೂರದ ಗುಡ್ಡಕ್ಕೆ ಬೆಂಕಿ ಬಿತ್ತು. ನಮ್ಮ ಕಡೆ ಬರಲೇ ಇಲ್ಲ. ಆದರೆ ಸಂಜೆ ಗಾಳಿಗೆ ಹಾರಿ ಬಂದ ಒಂದು ಕಿಡಿ ಬಾಗಿಲ ಮುಂದಿನ ನಾರಿನ ಕಾಲೊರಸಿನ ಮೇಲೆ ಕೂತಿತ್ತು. ನಾನು ನೋಡುವಷ್ಟರಲ್ಲಿ ಅಂಗೈಯಗಲ ಕಪ್ಪಾಗಿತ್ತು. ಉರಿ ಇಲ್ಲ, ಅಂಚಿನಲ್ಲಿ ಕೆಂಪು ಗೆರೆ ಮೆಲ್ಲಗೆ ಹರಿಯುತ್ತಿತ್ತು. ಹೊಸ್ತಿಲಿಗೆ ಇನ್ನು ನಾಲ್ಕೇ ಬೆರಳು ಬಾಕಿ.

ಆಮೇಲೆ ಓದಿ ತಿಳಿದುಕೊಂಡೆ. ಕಾಡ್ಗಿಚ್ಚಿಗೆ ಸಿಕ್ಕಿ ಸುಡುವ ಮನೆಗಳಲ್ಲಿ ಹೆಚ್ಚಿನವು ಹೊತ್ತಿಕೊಳ್ಳುವುದು ಕಿಡಿಗಳಿಂದ, ಇಲ್ಲವೇ ಕಿಡಿ ಬಿದ್ದು ಪಕ್ಕದಲ್ಲೇ ಎದ್ದ ಸಣ್ಣ ಬೆಂಕಿಯಿಂದ. ಕಿಡಿ ಒಂದೆರಡು ಕಿಲೋಮೀಟರ್ ಹಾರಿ ಬರುವುದೂ ಉಂಟು. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಜ್ಯಾಕ್ ಕೋಹೆನ್ ವರ್ಷಗಟ್ಟಲೆ ಹೇಳಿದ್ದೂ ಇದನ್ನೇ: ಮನೆ ಉಳಿಯುತ್ತದೋ ಇಲ್ಲವೋ ಅನ್ನುವುದು ಮನೆ ಮತ್ತು ಅದರ ಸುತ್ತಿನ ಸುಮಾರು 30 ಮೀಟರ್ ಒಳಗೇ ತೀರ್ಮಾನವಾಗುತ್ತದೆ.

ಈಗ ನನ್ನ ಕೆಲಸ ಗೋಡೆಯಿಂದ ಶುರು. ಗೋಡೆಯಿಂದ ಒಂದೂವರೆ ಮೀಟರ್‌ವರೆಗೆ ಸುಡುವಂಥದ್ದು ಏನೂ ಇಟ್ಟಿಲ್ಲ, ಬರೀ ಜಲ್ಲಿ. ಕಿಟಕಿ ಕೆಳಗಿನ ಹೂಗಿಡ ಕೀಳಲು ಕೈ ಬರಲಿಲ್ಲ. ಒಂದು ವಾರ ಸುಮ್ನೆ ನೋಡುತ್ತಾ ಇದ್ದು, ಕೊನೆಗೆ ದೂರಕ್ಕೆ ಕಿತ್ತು ನೆಟ್ಟೆ. ಗೋಡೆಗೆ ಒರಗಿಸಿದ್ದ ಸೌದೆ ಹತ್ತು ಮೀಟರ್ ಆಚೆಗೆ ಹೋಯಿತು. ಕಾಲೊರಸು, ಪೊರಕೆ, ಕುರ್ಚಿಯ ಮೆತ್ತೆ ಎಲ್ಲ ಕಾಡ್ಗಿಚ್ಚಿನ ಕಾಲದಲ್ಲಿ ಒಳಗೇ.

ಮಾಡಿನಂಚಿನಲ್ಲಿ ಮಳೆನೀರು ಹರಿಯುವ ದಂಬೆ ಮಾತ್ರ ತುಂಬಾ ಕೆಲಸ ಕೊಟ್ಟಿತು. ಏಣಿ ಹತ್ತಿ ಕೈ ಹಾಕಿದರೆ ಮೇಲೆ ಗರಿಗರಿ ಎಲೆ, ಅಡಿಯಲ್ಲಿ ಪುಡಿಪುಡಿ ದರಗು. ಒಲೆ ಹೊತ್ತಿಸಲು ನಾವು ಹುಡುಕುವುದು ಇಂಥದ್ದನ್ನೇ ಅಲ್ವಾ? ಒಮ್ಮೆ ತೆಗೆದರೆ ಸಾಲದು, ಗಾಳಿ ಬೀಸಿದಾಗೆಲ್ಲ ಮತ್ತೆ ಹತ್ತಬೇಕು. ಅಟ್ಟದ ಗಾಳಿಕಿಂಡಿಗಳಿಗೆ 3 ಮಿಲಿಮೀಟರ್ ಕಣ್ಣಿನ ಲೋಹದ ಜಾಲರಿ ಹೊಡೆದೆ. ಸೊಳ್ಳೆಗೆ ಹಾಕುವ ಪ್ಲಾಸ್ಟಿಕ್ ಪರದೆ ಬೇಡ, ಬಿಸಿಗೆ ಕರಗುತ್ತದೆ.

ಅಂಗಳದಲ್ಲಿ ಮರಗಳನ್ನು ಕಡಿಯಲಿಲ್ಲ. ಕೆಳಗಿನ ಕೊಂಬೆಗಳನ್ನು ಎರಡು ಮೀಟರ್ ಎತ್ತರದವರೆಗೆ ಸವರಿದೆ, ಬುಡದ ಪೊದೆ ತೆಗೆದೆ. ನೆಲದ ಬೆಂಕಿಗೆ ಮೇಲೆ ಹತ್ತಲು ಮೆಟ್ಟಿಲು ಸಿಗಬಾರದು, ಅಷ್ಟೇ. ಒಣ ಹುಲ್ಲನ್ನು ಬೆಳಗ್ಗೆ ತಂಪು ಹೊತ್ತಿನಲ್ಲೇ ಕತ್ತರಿಸುತ್ತೇನೆ. ಮಧ್ಯಾಹ್ನದ ಬಿಸಿಲಲ್ಲಿ ಯಂತ್ರದ ಅಲಗು ಕಲ್ಲಿಗೆ ತಾಗಿದರೆ ಆ ಕಿಡಿಯೇ ಸಾಕು.

ಯಾವ ಮೂಲೆ ಅಪಾಯದ್ದು ಅಂತ ತಿಳಿಯಲು ನನಗೊಂದು ದಾರಿ ಸಿಕ್ಕಿದೆ. ಜೋರು ಗಾಳಿ ಬೀಸಿದ ಮರುದಿನ ಮನೆಗೆ ಒಂದು ಸುತ್ತು ಹಾಕುತ್ತೇನೆ. ತರಗೆಲೆ ಎಲ್ಲಿ ಗುಡ್ಡೆ ಬಿದ್ದಿದೆಯೋ ಕಿಡಿಗಳೂ ಅಲ್ಲೇ ಬಂದು ಸೇರುತ್ತವೆ. ನಮ್ಮಲ್ಲಿ ಅದು ಹಿಂಬಾಗಿಲ ಮೆಟ್ಟಿಲ ಸಂದಿ. ಅಲ್ಲಿಗೆ ಹಲಗೆ ತೆಗೆದು ಕಲ್ಲು ಕಟ್ಟಿಸಿದೆ.

ಇಷ್ಟೆಲ್ಲ ಮಾಡಿದರೂ ಬೆಂಕಿ ಬಂದಾಗ ಪೈಪು ಹಿಡಿದು ನಿಲ್ಲುವ ಯೋಚನೆ ನಮಗಿಲ್ಲ. ಕರೆಂಟು ಹೋದರೆ ಪಂಪು ನಿಂತಂತೆಯೇ. ಕಾಗದಪತ್ರ, ಔಷಧಿ, ಎನ್95 ಮಾಸ್ಕ್, ಟಾರ್ಚ್ ಇರುವ ಚೀಲ ಬಾಗಿಲ ಹಿಂದೆ ತೂಗುತ್ತಿದೆ. ಹೊರಡಲು ಎರಡು ದಾರಿಗಳನ್ನು ಮಕ್ಕಳ ಜೊತೆ ಹಗಲೊಮ್ಮೆ, ರಾತ್ರಿಯೊಮ್ಮೆ ಹೋಗಿ ನೋಡಿ ಬಂದಿದ್ದೇವೆ.