ಎರಡು ಮೊಲ ತಂದ ಮಾತ್ರಕ್ಕೆ ಜೋಡಿಯಾಗಲ್ಲ

ನಮ್ಮ ಮನೆ ದಾವಣಗೆರೆಯ ನಿಟುವಳ್ಳಿಯಲ್ಲಿ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷಿನ್, ಹಿತ್ತಲಲ್ಲಿ ಎರಡು ಮೊಲ. ಬಿಳಿಯದು ಅರಳೆ, ಬೂದು ಬಣ್ಣದ್ದು ಬೂದಿ. ಅರಳೆ ಅಂತ ಹೆಸರಿಟ್ಟದ್ದು ನಮ್ಮ ಅತ್ತೆ. ಅವರ ಅಪ್ಪ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಇದ್ದವರು. "ಎರಡೂ ಹೆಣ್ಣು, ಒಂದೇ ಸೂಲಿನವು, ಜಗಳಾನೇ ಆಡಲ್ಲ" ಎಂದಿದ್ದ ಮಾರಿದವನು. ಮೂರು ಮಾತಿನಲ್ಲಿ ನಿಜವಾದದ್ದು ನಡುವಿನದು ಮಾತ್ರ.

ತರುವಾಗ ಮರಿಗೆ ಎಂಟು ವಾರ ತುಂಬಿರಲಿ. ಅಂಗೈಯಲ್ಲಿ ಕೂರುವಷ್ಟು ಪುಟ್ಟದು ನೋಡಲು ಚೆಂದ. ಆದರೆ ಬೇಗ ಹಾಲು ಬಿಡಿಸಿದ ಮರಿಗೆ ಭೇದಿ ಹತ್ತಿದರೆ ಉಳಿಯುವುದು ಕಷ್ಟ. ಹೊಲದಲ್ಲಿ ಸಿಕ್ಕಿತು ಅಂತ ಯಾರಾದರೂ ಕಾಡುಮೊಲದ ಮರಿ ತಂದರೆ ಬೇಡ ಎನ್ನಿ. ಅದು ಬೇರೆಯೇ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಹಿಡಿದು ಸಾಕುವಂತಿಲ್ಲ.

ಗೂಡಿಗೆ ಬರೀ ತಂತಿ ನೆಲ ಬೇಡ, ಪಾದ ಹುಣ್ಣಾಗುತ್ತದೆ. ಭತ್ತದ ಹುಲ್ಲು ಹಾಸಿ. ಮನೆಯೊಳಗೆ ಬಿಟ್ಟರೆ ವೈರುಗಳ ಮೇಲೆ ಕಣ್ಣಿರಲಿ. ನನ್ನ ಮಷಿನ್ನಿನ ಮೋಟಾರ್ ವೈರು ಎರಡು ಸಲ ಹೋಯಿತು. ಅವುಗಳ ಹಲ್ಲು ಜೀವಮಾನವಿಡೀ ಬೆಳೆಯುತ್ತವೆ, ಕಡಿಯದೆ ಗತಿಯಿಲ್ಲ. ಪೇರಲದ ಕಡ್ಡಿ ಕೊಡಿ.

ಊಟ ಅಂದರೆ ಹುಲ್ಲು. ಕ್ಯಾರೆಟ್ ಅಲ್ಲ! ನಾನು ಗರಿಕೆ ಕಿತ್ತು, ತೊಳೆದು, ನೆರಳಲ್ಲಿ ಒಣಗಿಸಿ ಇಡುತ್ತೇನೆ. ಅದು ದಿನವಿಡೀ ಮುಂದಿರಬೇಕು. ಮೇಲೆ ಒಂದು ಹಿಡಿ ಕೊತ್ತಂಬರಿ, ಮೂಲಂಗಿ ಸೊಪ್ಪು. ಹೊಸ ಸೊಪ್ಪನ್ನು ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. ಮಂಡಕ್ಕಿ ಕೊಡಬೇಡಿ. ನಮ್ಮೂರಲ್ಲಿ ಇದನ್ನು ಹೇಳಲೇಬೇಕು, ಬಂದವರೆಲ್ಲ ಕೈಯಲ್ಲಿದ್ದ ಮಂಡಕ್ಕಿಯನ್ನೇ ಚಾಚುತ್ತಾರೆ. ಕೆಲವು ಮೆತ್ತನೆ ಹಿಕ್ಕೆಯನ್ನು ಅವೇ ತಿಂದುಬಿಡುತ್ತವೆ, ಗಾಬರಿ ಬೇಡ, ಅದು ಅವಕ್ಕೆ ಬೇಕು. ಗಾಬರಿಯಾಗಬೇಕಾದ್ದು ಅರ್ಧ ದಿನ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಮುದುರಿ ಕೂತಾಗ. ನಾಳೆ ನೋಡೋಣ ಅನ್ನದೆ ಡಾಕ್ಟರ ಹತ್ತಿರ ಓಡಿ.

ಏಪ್ರಿಲ್ ಬಿಸಿಲಿನ ಚಿಂತೆ ಬೇರೆ. 30 ಡಿಗ್ರಿ ದಾಟಿದರೇ ಮೊಲಕ್ಕೆ ಕಷ್ಟ, ನಮ್ಮಲ್ಲಿ 38 ಮಾಮೂಲು. ಮೊಲ ಬೆವರುವುದಿಲ್ಲ, ಹೆಚ್ಚಾಗಿ ಕಿವಿಯಿಂದ ಶಾಖ ಬಿಡುತ್ತದೆ. ತಗಡಿನ ಶೀಟಿನ ಕೆಳಗೆ ಗೂಡು ಇಡಲೇಬೇಡಿ. ನಾನು ಗೂಡಿನ ಒಂದು ಬದಿಗೆ ಒದ್ದೆ ಗೋಣಿಚೀಲ ಕಟ್ಟುತ್ತೇನೆ, ಮಲಗಲು ಕಡಪ ಕಲ್ಲಿನ ತುಂಡು ಇಟ್ಟಿದ್ದೇನೆ. ಮಧ್ಯಾಹ್ನ ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ಎರಡೂ ಅದಕ್ಕೇ ಒರಗುತ್ತವೆ.

ಈಗ ಜಗಳದ ವಿಷಯ. ಮೂರೂವರೆ ತಿಂಗಳಾಗುವವರೆಗೆ ಎರಡೂ ಒಂದೇ ತಟ್ಟೆಯಲ್ಲಿ ತಿಂದವು. ಒಂದು ಬೆಳಿಗ್ಗೆ ನೋಡಿದರೆ ಗೂಡಿನ ತುಂಬಾ ಬಿಳಿ ಕೂದಲು. ಬೂದಿ ಅವಳ ಮೈಮೇಲೆ ಹತ್ತುತ್ತಿದ್ದಾನೆ, ಅರಳೆ ತಿರುಗಿ ಕಚ್ಚುತ್ತಿದ್ದಾಳೆ. ಎತ್ತಿ ನೋಡಿದೆ. ಬೀಜ ಎದ್ದು ಕಾಣುತ್ತಿದ್ದವು! ಎಳೆ ಮರಿಯಲ್ಲಿ ಗಂಡು ಹೆಣ್ಣು ಗೊತ್ತಾಗುವುದು ಕಷ್ಟ. ಹಾಗಾಗಿ ಮೂರು ತಿಂಗಳಿಗೆ ನೀವೇ ಇನ್ನೊಮ್ಮೆ ನೋಡಿ. ಮೊಲದ ಗರ್ಭ ಸುಮಾರು 31 ದಿನ. ಬೇರೆ ಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾದೆ. ಪುಣ್ಯಕ್ಕೆ ಏನೂ ಆಗಲಿಲ್ಲ.

ಬೂದಿಗೆ ಶಿವಮೊಗ್ಗಕ್ಕೆ ಹೋಗಿ ಮರಿಯಾಗದಂತೆ ಆಪರೇಷನ್ ಮಾಡಿಸಿದೆ. "ನನ್ನ ಮಂಡಿ ನೋವಿಗೆ ಅಷ್ಟು ದೂರ ಕರ್ಕೊಂಡು ಹೋಗಿಲ್ಲವಲ್ಲೇ ನೀನು" ಎಂದರು ಅತ್ತೆ. ಹೆಣ್ಣಿಗೂ ಮಾಡಿಸುವುದು ಒಳ್ಳೆಯದು, ವಯಸ್ಸಾದ ಹೆಣ್ಣು ಮೊಲಗಳಿಗೆ ಗರ್ಭಕೋಶದ ಕ್ಯಾನ್ಸರ್ ಜಾಸ್ತಿ.

ಆಪರೇಷನ್ ಆದ ತಕ್ಷಣ ಗಂಡನ್ನು ಒಳಗೆ ಬಿಡಬೇಡಿ. ಆರು ವಾರ ಕಾಯಿರಿ, ಅಲ್ಲಿಯವರೆಗೆ ಬಸಿರಾಗುವ ಭಯ ಇದ್ದೇ ಇರುತ್ತದೆ. ಅಷ್ಟು ದಿನ ಎರಡು ಗೂಡು ಅಕ್ಕಪಕ್ಕ, ನಡುವೆ ಕಚ್ಚಲು ಆಗದಷ್ಟು ಅಂತರ. ಜಾಲರಿಯ ಹತ್ತಿರವೇ ಇಬ್ಬರಿಗೂ ಸೊಪ್ಪು ಇಡುತ್ತಿದ್ದೆ. ಎರಡು ದಿನಕ್ಕೊಮ್ಮೆ ಇವನ ಹಾಸು ಅವಳಿಗೆ, ಅವಳದು ಇವನಿಗೆ. ವಾಸನೆ ಹಳೆಯದಾಗಬೇಕು, ಅಲ್ವಾ.

ಆಮೇಲೆ ಇಬ್ಬರಿಗೂ ಹೊಸದಾದ ಜಾಗದಲ್ಲಿ ಬಿಡಿ. ನಾನು ಪಕ್ಕದ ಮನೆಯವರ ವರಾಂಡ ಕೇಳಿ ಪಡೆದೆ. ಮೊದಲ ದಿನ ಹತ್ತೇ ನಿಮಿಷ. ಅಟ್ಟಿಸುವುದು, ಹತ್ತುವುದು ಇದ್ದದ್ದೇ. ಆದರೆ ಒಂದರ ಹಿಂದೆ ಒಂದು ಗಿರಗಿರ ಸುತ್ತುತ್ತಾ ಕಚ್ಚಲು ಹೊರಟರೆ ಆಟ ಮುಗಿಯಿತು. ನಡುವೆ ಮೊರ ಹಿಡಿಯಿರಿ. ಕೈ ಹಾಕಬೇಡಿ, ನನ್ನ ಹೆಬ್ಬೆರಳಿಗೆ ಇನ್ನೂ ಕಲೆ ಇದೆ.

ಹನ್ನೊಂದನೇ ದಿನ ಅರಳೆ ತಲೆ ತಗ್ಗಿಸಿ ಅವನ ಮುಂದೆ ಕೂತಳು. ಬೂದಿ ಅವಳ ಹಣೆ ನೆಕ್ಕಿದ. ಆದರೂ ಇನ್ನೂ ಒಂದು ವಾರ ಕಾದು, ಗೂಡು ಪೂರ್ತಿ ತೊಳೆದು, ಹೊಸ ಹುಲ್ಲು ಹಾಸಿ ಒಟ್ಟಿಗೆ ಬಿಟ್ಟೆ.

ಈಗ ಒಬ್ಬರನ್ನು ಡಾಕ್ಟರ ಹತ್ತಿರ ಒಯ್ಯಬೇಕಾದರೂ ಇಬ್ಬರನ್ನೂ ಒಂದೇ ಬುಟ್ಟಿಯಲ್ಲಿ ಹಾಕುತ್ತೇನೆ. ಒಬ್ಬಳೇ ಹೋಗಿ ಆಸ್ಪತ್ರೆ ವಾಸನೆ ಹೊತ್ತು ಬಂದರೆ ಬೂದಿಗೆ ಗುರುತು ಸಿಗುವುದಿಲ್ಲ, ಮತ್ತೆ ಪಕ್ಕದ ಮನೆಯವರ ವರಾಂಡ ಕೇಳಬೇಕಾಗುತ್ತದೆ.